ಅಟ್ಟದ ಮೇಲಿನ ಪತ್ರಿಕೆಗಳಿಂದ ಒಬ್ಬರ ಬದುಕು ಬರೆಯುವುದು ಹೇಗೆ: ಅಪ್ಪಯ್ಯನ ಚೆಕ್‌ರೋಲ್ ಮತ್ತು ಫಿಲಿಪ್ ಸ್ಪ್ರಾಟ್

ನಮ್ಮ ಮನೆ ಇರುವುದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ. ಅಪ್ಪಯ್ಯ ಕಾಫಿ ತೋಟದಲ್ಲಿ ರೈಟರಾಗಿದ್ದರು. ತೋಟದ ಸಾಹುಕಾರರು ಬೆಂಗಳೂರಿನಿಂದ ‘ಮೈಸ್‌ಇಂಡಿಯಾ’ ಅನ್ನುವ ಇಂಗ್ಲಿಷ್ ವಾರಪತ್ರಿಕೆ ತರಿಸುತ್ತಿದ್ದರು. ಅವರು ಓದಿ ಮುಗಿಸಿದ ಮೇಲೆ ಅದು ಅಪ್ಪಯ್ಯನ ಕೈಗೆ ಬರುತ್ತಿತ್ತು. ಅಪ್ಪಯ್ಯ ಓದಿ ಚಿಕ್ಕಪ್ಪನಿಗೆ ಕೊಡುತ್ತಿದ್ದರು. ಚಿಕ್ಕಪ್ಪ ತೋಟದ ಕಾರ್ಮಿಕರ ಸಂಘದವರು, ಕೆಂಬಾವುಟದ ಕಡೆಯವರು. ಪತ್ರಿಕೆಯೋ ಕಮ್ಯುನಿಸ್ಟರನ್ನು ಬಿಡದೆ ಟೀಕಿಸುವಂಥದ್ದು. ಆದರೂ ಚಿಕ್ಕಪ್ಪ ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ‘ಸುಳ್ಳು’ ಅಂತ ಬರೆಯುತ್ತಿದ್ದರು. ಅದರ ಕೆಳಗೆ ಅಪ್ಪಯ್ಯ ‘ಯಾವ ಸಾಲು?’ ಅಂತ ಬರೆದು ವಾಪಸ್ ಕಳಿಸುತ್ತಿದ್ದರು.

ಇಬ್ಬರೂ ಈಗಿಲ್ಲ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ಮೇಲೆ ನಾನು ಅಟ್ಟ ಹತ್ತಿದೆ. ಗೋಣಿಚೀಲದಲ್ಲಿ ಕಟ್ಟಿಟ್ಟ ಸಂಚಿಕೆಗಳು ಸಿಕ್ಕವು. ಅದರ ಸಂಪಾದಕರ ಹೆಸರು ಫಿಲಿಪ್ ಸ್ಪ್ರಾಟ್. ಕಮ್ಯುನಿಸಂ ವಿರುದ್ಧ ಇಷ್ಟು ಬರೆದ ಈ ಇಂಗ್ಲಿಷ್ ಮನುಷ್ಯ ಭಾರತಕ್ಕೆ ಬಂದದ್ದೇ ಕಮ್ಯುನಿಸ್ಟ್ ಪಕ್ಷ ಕಟ್ಟಲು ಅಂತ ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ. ನಾಲ್ಕು ವರ್ಷ ಹಿಡಿದು ಅವರ ಬದುಕನ್ನು ಕನ್ನಡದಲ್ಲಿ ಬರೆದೆ. ಹೇಗೆ ಬರೆದೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಅಟ್ಟದಲ್ಲೂ ಇಂಥ ಗಂಟು ಇರಬಹುದು, ಅಲ್ವಾ?

ಮೊದಲು ಕಾಗದ ಉಳಿಸಿ

ಮಲೆನಾಡಿನಲ್ಲಿ ಕಾಗದಕ್ಕೆ ಮಳೆಗಾಲವೇ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಟು ಬಿಚ್ಚಲೇಬೇಡಿ. ಗಾಳಿಯಲ್ಲೇ ನೀರಿರುತ್ತದೆ. ಬಿಚ್ಚಿದ ಹಾಳೆಗೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಕಣದಲ್ಲಿ ಕಾಫಿ ಒಣಗಿಸುವ ಕಾಲ ಇದೆಯಲ್ಲ, ಡಿಸೆಂಬರ್, ಜನವರಿ, ಅದೇ ಸರಿಯಾದ ಹೊತ್ತು. ಆದರೆ ಕಾಫಿಯ ಹಾಗೆ ಬಿಸಿಲಿಗೆ ಹಾಕಬೇಡಿ. ಬಿಸಿಲಿಗೆ ಹಳೇ ಕಾಗದ ಹಪ್ಪಳದಂತಾಗುತ್ತದೆ. ಜಗಲಿಯ ನೆರಳಲ್ಲಿ ಬಟ್ಟೆ ಹಾಸಿ, ಗಾಳಿ ಆಡುವಂತೆ ಹರಡಿ. ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯಿರಿ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ. ಆ ಅಂಟು ಕೆಲವು ವರ್ಷದಲ್ಲಿ ಕಂದು ಬಣ್ಣಕ್ಕೆ ತಿರುಗಿ ಅಕ್ಷರವನ್ನೇ ಮುಚ್ಚುತ್ತದೆ.

ನಮ್ಮ ಗಂಟು ಇದ್ದದ್ದು ಒಲೆಯ ಮೇಲಿನ ಅಟ್ಟದಲ್ಲಿ. ಹೊಗೆ ಹಿಡಿದು ಕಂದಾಗಿತ್ತು, ಆದರೆ ಗೆದ್ದಲು ಮುಟ್ಟಿರಲಿಲ್ಲ.

ಆಮೇಲೆ ಫೋನಿನಲ್ಲಿ ಫೋಟೊ ತೆಗೆಯಿರಿ. ಬೆಳಗ್ಗೆ ಹತ್ತರ ಸುಮಾರಿಗೆ ಕಿಟಕಿ ಪಕ್ಕ ಕೂತರೆ ಸಾಕು, ಫ್ಲ್ಯಾಶ್ ಬೇಡ. ಪ್ರತಿ ಸಂಚಿಕೆಯಲ್ಲೂ ಮೊದಲು ತಾರೀಖು ಇರುವ ಪುಟ, ಆಮೇಲೆ ಉಳಿದದ್ದು ಸಾಲಾಗಿ. ಫೈಲಿಗೆ ವರ್ಷ, ತಿಂಗಳು, ದಿನ, ಪುಟ ಹೀಗೆ ಹೆಸರಿಡಿ. ಇದಿಷ್ಟು ಮುಗಿಯುವ ತನಕ ಮೂಲ ಪ್ರತಿಯನ್ನು ಯಾರಿಗೂ ಕೊಡಬೇಡಿ. ನಾನು ಪರಿಚಯದವರೊಬ್ಬರಿಗೆ ನಂಬಿ ಎರಡು ಕಟ್ಟು ಕೊಟ್ಟೆ. ಅವು ವಾಪಸ್ ಬರಲಿಲ್ಲ. ಅದರಲ್ಲಿ ಏನಿತ್ತು ಅಂತ ಬರೆದಿಟ್ಟುಕೊಂಡೂ ಇರಲಿಲ್ಲ. ಈಗಲೂ ಆ ಎರಡು ಕಟ್ಟು ನೆನಪಾದರೆ ಹೊಟ್ಟೆಯಲ್ಲಿ ಸಂಕಟ.

ಚೆಕ್‌ರೋಲ್ ಮಾಡಿ

ತೋಟದಲ್ಲಿ ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ. ಯಾರು ಬಂದರು, ಯಾವ ಕೆಲಸಕ್ಕೆ ಹೋದರು, ಇಡೀ ದಿನವೋ ಅರ್ಧ ದಿನವೋ, ಎಲ್ಲ ಅದರಲ್ಲಿ. ಅಪ್ಪಯ್ಯ ಹೇಳುತ್ತಿದ್ದ ಒಂದು ಮಾತು ನನಗೆ ಚೆನ್ನಾಗಿ ನೆನಪಿದೆ: ‘ಸಂಜೆ ನೆನಪಿನಿಂದ ಬರೆದ ಹಾಜರಿ ಹಾಜರಿಯಲ್ಲ.’ ಅವರು ಬೆಳಗ್ಗೆ ಸಾಲಿನಲ್ಲಿ ನಿಂತವರನ್ನು ನೋಡುತ್ತಲೇ ಗುರುತು ಹಾಕುತ್ತಿದ್ದರು.

ನೀವೂ ಹಾಗೇ ಮಾಡಿ. ಒಂದು ಉದ್ದ ಲೆಡ್ಜರ್ ತೆಗೆದುಕೊಳ್ಳಿ. ನಾಲ್ಕು ಕಾಲಂ ಎಳೆಯಿರಿ. ತಾರೀಖು. ಆ ದಿನ ಅವರು ಎಲ್ಲಿದ್ದರು, ಏನು ಮಾಡಿದರು. ಹೀಗಂತ ಹೇಳಿದ್ದು ಯಾರು. ಅವರು ಅದನ್ನು ಹೇಳಿದ್ದು ಯಾವ ವರ್ಷ.

ಸ್ಪ್ರಾಟ್ ಅವರ ಮೊದಲ ಎರಡು ಕಾಲಂ ತುಂಬುವುದು ಕಷ್ಟವಾಗಲಿಲ್ಲ. 1902ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಹುಟ್ಟಿದರು. ಕೇಂಬ್ರಿಜ್‌ನ ಡೌನಿಂಗ್ ಕಾಲೇಜಿನಲ್ಲಿ ಗಣಿತ ಓದಿದರು. ಅಲ್ಲಿಯೇ ಕಮ್ಯುನಿಸ್ಟ್ ಪಕ್ಷ ಹತ್ತಿರವಾಯಿತು. 1926ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದರು. ಆಗ ವಯಸ್ಸು 24. ಹೊರಗೆ ಹೇಳಿಕೊಳ್ಳಲು ಒಂದು ಪುಸ್ತಕದ ಅಂಗಡಿಯ ಪ್ರತಿನಿಧಿ. ಒಳಗಿನ ಕೆಲಸ ಬೇರೆ: ಇಲ್ಲಿನ ಚದುರಿದ ಕಮ್ಯುನಿಸ್ಟರನ್ನು ಒಟ್ಟು ಮಾಡಿ ಪಕ್ಷವನ್ನು ಗಟ್ಟಿ ಮಾಡುವುದು. ಕಳಿಸಿದ್ದು ಮಾಸ್ಕೋದ ಕಮಿಂಟರ್ನ್, ಅಂದರೆ ಎಲ್ಲ ದೇಶಗಳ ಕಮ್ಯುನಿಸ್ಟರ ಒಕ್ಕೂಟ. 1927ರಲ್ಲಿ ಭಾರತ ಮತ್ತು ಚೀನಾದ ಬಗ್ಗೆ ಬರೆದ ಒಂದು ಕಿರುಹೊತ್ತಗೆಗೆ ಬೊಂಬಾಯಿಯಲ್ಲಿ ಕೇಸು ಬಿತ್ತು. ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ಗುಂಪು, ಅವರನ್ನು ಬಿಟ್ಟಿತು.

1929ರ ಮಾರ್ಚ್ 20ಕ್ಕೆ ದೊಡ್ಡ ಬಲೆ ಬಿತ್ತು. ದೇಶದ ಬೇರೆ ಬೇರೆ ಕಡೆ ಒಂದೇ ದಿನ ಕಾರ್ಮಿಕ ನಾಯಕರನ್ನು ಹಿಡಿದರು. ಇದೇ ಮೀರತ್ ಸಂಚಿನ ಮೊಕದ್ದಮೆ. ಚಕ್ರವರ್ತಿಯ ಆಳ್ವಿಕೆಯನ್ನು ಕಿತ್ತೊಗೆಯುವ ಸಂಚು ಅನ್ನುವುದು ಆರೋಪ. ಈ ಸಲ ಜ್ಯೂರಿ ಇರಲಿಲ್ಲ. ಕಟಕಟೆಯಲ್ಲಿ ಸ್ಪ್ರಾಟ್ ಜೊತೆ ನಮ್ಮ ಮಂಗಳೂರಿನ ಎಸ್. ವಿ. ಘಾಟೆ ಅವರೂ ಇದ್ದರು. ಆಗಿನ್ನೂ ಚಿಕ್ಕದಾಗಿದ್ದ ಪಕ್ಷದ ಮೊದಲ ಪ್ರಧಾನ ಕಾರ್ಯದರ್ಶಿ ಇವರೇ. ವಿಚಾರಣೆ ಹತ್ತಿರ ಹತ್ತಿರ ನಾಲ್ಕು ವರ್ಷ ಎಳೆಯಿತು. 1933ರ ಜನವರಿಯಲ್ಲಿ ತೀರ್ಪು ಬಂತು, ಸ್ಪ್ರಾಟ್ ಅವರಿಗೆ 12 ವರ್ಷ. ಅದೇ ವರ್ಷ ಅಲಹಾಬಾದ್ ಹೈಕೋರ್ಟ್ ಅದನ್ನು 2 ವರ್ಷಕ್ಕೆ ಇಳಿಸಿತು. 1934ರಲ್ಲಿ ಹೊರಗೆ ಬಂದರು.

ಇಲ್ಲಿ ಒಂದು ಕಿವಿಮಾತು. ಇಂಥವರ ಬದುಕು ಹುಡುಕುವಾಗ ಪೊಲೀಸ್ ಕಡತ ಬಿಡಬೇಡಿ. ಬ್ರಿಟಿಷ್ ಸರ್ಕಾರ ಇವರನ್ನು ಹೆಜ್ಜೆ ಹೆಜ್ಜೆಗೂ ಹಿಂಬಾಲಿಸಿತ್ತು. ಯಾವ ರೈಲು, ಯಾರ ಮನೆ, ಯಾವ ಸಭೆ, ಯಾವ ಪತ್ರ. ನಮ್ಮ ಪಾಲಿಗೆ ಅದು ಸರ್ಕಾರವೇ ಬರೆದಿಟ್ಟ ಚೆಕ್‌ರೋಲ್. ಭಾರತದ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಅನ್ನುವ ತಾಣದಲ್ಲಿ ಆ ಕಾಲದ ಗೃಹ ಇಲಾಖೆಯ ಕಡತಗಳು ಮನೆಯಲ್ಲೇ ಕೂತು ನೋಡಲು ಸಿಗುತ್ತವೆ. ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ರೀತಿ ಬರೆದು ಹುಡುಕಿ. ಗುಮಾಸ್ತರು ಕಾಗುಣಿತ ತಪ್ಪಿಸಿರುತ್ತಾರೆ. ವ್ಯಕ್ತಿಯ ಹೆಸರು ಸಿಗದಿದ್ದರೆ ಮೊಕದ್ದಮೆಯ ಹೆಸರಿನಿಂದ ಹೋಗಿ. ಬೆಂಗಳೂರಿಗೆ ಹೋಗುವ ಹಾಗಿದ್ದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, ರಾಜ್ಯ ಪತ್ರಾಗಾರ, ಮೂರನ್ನೂ ಕೇಳಿ. ಹೋಗುವ ಮೊದಲು ಫೋನ್ ಮಾಡಿ. ನಾನು ಒಂದು ಕಚೇರಿಗೆ ಬೆಳಗಿನ ಬಸ್ಸಿಗೆ ಹೋಗಿ, ‘ಆ ಕೋಣೆಯ ಬೀಗದ ಕೈ ಇವತ್ತು ಇಲ್ಲ’ ಅನ್ನಿಸಿಕೊಂಡು ರಾತ್ರಿ ಬಸ್ಸಿಗೆ ವಾಪಸ್ ಬಂದಿದ್ದೇನೆ.

ನಾಲ್ಕನೇ ಕಾಲಂ ಬಿಡಬೇಡಿ

ನನ್ನ ನಾಲ್ಕು ವರ್ಷದ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಸ್ಪ್ರಾಟ್ 1955ರಲ್ಲಿ ತಮ್ಮ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದರು. ಕಮಿಂಟರ್ನ್ ಕಳಿಸಿದ ಆಳಾಗಿ ತಾನು ಏನು ಮಾಡಿದೆ ಅಂತ ಅದರಲ್ಲಿ ಹೇಳಿದ್ದಾರೆ. ಮೊದಲ ವರ್ಷ ನಾನು ಆ ಪುಸ್ತಕ ಇಟ್ಟುಕೊಂಡೇ 1927ರ ಅಧ್ಯಾಯ ಬರೆದೆ. ಓದಿದರೆ ಏನೋ ಸರಿಯಿಲ್ಲ. ನನ್ನ ಬರಹದಲ್ಲಿ 25 ವರ್ಷದ ಹುಡುಗ ಬೊಂಬಾಯಿಯ ಗಿರಣಿ ಕಾರ್ಮಿಕರ ನಡುವೆ ಓಡಾಡುತ್ತಲೇ ತನ್ನ ಪಕ್ಷವನ್ನು ಅನುಮಾನದಿಂದ ನೋಡುತ್ತಿದ್ದ. ಅದು ಹೇಗಾದೀತು? ಅನುಮಾನ ಇದ್ದವರು ಅಷ್ಟು ದೂರ ಬಂದು, ಜೈಲಿಗೂ ಹೋಗುತ್ತಾರಾ?

ಆಗ ಅರ್ಥವಾಯಿತು. ಆ ಮಾತು 1927ರದ್ದಲ್ಲ. 1955ರ ಮನುಷ್ಯ 1927ರ ಹುಡುಗನ ಬಗ್ಗೆ ಹೇಳಿದ ಮಾತು. ನಡುವೆ 28 ವರ್ಷ. ಸಂಜೆ ಬರೆದ ಹಾಜರಿ ಅದು.

ಪುಸ್ತಕ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಡೆದ ಸಂಗತಿಗೆ ಅದನ್ನು ನಂಬಬಹುದು. ಮನಸ್ಸಿನ ಸ್ಥಿತಿಗೆ ಆ ದಿನದ ಕಾಗದವೇ ಬೇಕು. 1927ರ ಸ್ಪ್ರಾಟ್ ಬೇಕಿದ್ದರೆ ಅವರ ಆಗಿನ ಕಿರುಹೊತ್ತಗೆ, ಪೊಲೀಸರ ಕೈಗೆ ಸಿಕ್ಕ ಪತ್ರಗಳು, ಮೀರತ್ ಕೋರ್ಟಿನಲ್ಲಿ ಕೊಟ್ಟ ಹೇಳಿಕೆ ಓದಿ. 1955ರ ಸ್ಪ್ರಾಟ್ ಬೇಕಿದ್ದರೆ ನೆನಪಿನ ಪುಸ್ತಕ ಓದಿ. ಎರಡನ್ನೂ ಬೇರೆ ಬೇರೆ ಶಾಯಿಯಲ್ಲಿ ಬರೆದುಕೊಳ್ಳಿ. ನಾನು ಆ ದಿನದ ಕಾಗದಕ್ಕೆ ನೀಲಿ, ಆಮೇಲಿನ ನೆನಪಿಗೆ ಹಸಿರು ಇಟ್ಟುಕೊಂಡೆ. ಒಂದು ಪುಟದಲ್ಲಿ ಬರೀ ಹಸಿರು ಕಂಡರೆ ಆ ಅಧ್ಯಾಯ ಇನ್ನೂ ಬರೆಯುವ ಹಂತಕ್ಕೆ ಬಂದಿಲ್ಲ ಅಂತ ಅರ್ಥ.

ಇದರ ಜೊತೆ ಇನ್ನೊಂದು ಕಟ್ಟುನಿಟ್ಟು. ಯಾವ ವರ್ಷದ ಬಗ್ಗೆ ಬರೆಯುತ್ತೀರೋ, ಆ ವರ್ಷದ ಆಚೆಗಿನದು ನಿಮ್ಮ ನಾಯಕನಿಗೆ ಗೊತ್ತಿರಬಾರದು. 1939ರ ಆಗಸ್ಟಿನಲ್ಲಿ ಸ್ಟಾಲಿನ್ ಹಿಟ್ಲರನ ಜೊತೆ ಒಪ್ಪಂದ ಮಾಡಿಕೊಂಡ. ನವೆಂಬರ್ 30ಕ್ಕೆ ಸೋವಿಯತ್ ಸೈನ್ಯ ಫಿನ್‌ಲೆಂಡಿಗೆ ನುಗ್ಗಿತು. ಸ್ಪ್ರಾಟ್ ಪೂರ್ತಿ ಆಚೆ ಕಡೆಗೆ ಸರಿದದ್ದು ಈ ಹೊತ್ತಿನಲ್ಲಿ. ಹಂಗೇರಿಗೆ ಸೋವಿಯತ್ ಟ್ಯಾಂಕುಗಳು ಇನ್ನೂ ನುಗ್ಗಿರಲಿಲ್ಲ. ಸ್ಟಾಲಿನ್ ಸತ್ತ ಮೇಲೆ ಸೋವಿಯತ್ ನಾಯಕನಾದ ಕ್ರುಶ್ಚೇವ್ ಅವನ ಅಪರಾಧಗಳನ್ನು ಬಿಚ್ಚಿಡಲು ಇನ್ನೂ 16 ವರ್ಷ ಇತ್ತು. ಅಷ್ಟು ಕಡಿಮೆ ಆಧಾರದಲ್ಲಿ, ತನ್ನ ಯೌವನವನ್ನೇ ಕೊಟ್ಟ ಪಕ್ಷದ ವಿರುದ್ಧ ಮಾತಾಡುವುದು ಎಷ್ಟು ಕಷ್ಟ ಅನ್ನುವುದು ಓದುಗರಿಗೆ ಮುಟ್ಟಬೇಕಾದರೆ, ಮುಂದಿನದನ್ನು ನೀವು ಮುಚ್ಚಿಟ್ಟುಕೊಳ್ಳಲೇಬೇಕು.

ಕೊನೆಯಿಂದ ಹಿಂದಕ್ಕೆ ಬರೆಯಬೇಡಿ

ಅದೇ 1939ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಬ್ಬರು ಪಕ್ಷ ಬಿಟ್ಟರು. ಹೋವರ್ಡ್ ರಶ್ಮೋರ್ ಅಂತ. ಕಮ್ಯುನಿಸ್ಟ್ ದಿನಪತ್ರಿಕೆ ‘ಡೈಲಿ ವರ್ಕರ್’ನಲ್ಲಿ ಸಿನಿಮಾ ವಿಮರ್ಶೆ ಬರೆಯುತ್ತಿದ್ದವರು. ಒಂದು ಹೊಸ ಸಿನಿಮಾವನ್ನು ಪಕ್ಷ ಬಯಸಿದಷ್ಟು ಬೈಯಲಿಲ್ಲ ಅನ್ನುವುದೇ ಜಗಳಕ್ಕೆ ಕಾರಣ. ಆಮೇಲೆ ಅವರು ಹರ್ಸ್ಟ್ ಬಳಗದ ‘ಜರ್ನಲ್ ಅಮೆರಿಕನ್’ ಸೇರಿದರು. ಕಮ್ಯುನಿಸ್ಟರನ್ನು ಹುಡುಕಿ ಬಯಲಿಗೆಳೆಯುವುದೇ ಅವರ ಕೆಲಸವಾಯಿತು. 1953ರಲ್ಲಿ, ಕಮ್ಯುನಿಸ್ಟರ ಬೇಟೆಗೆ ಹೆಸರಾದ ಸೆನೆಟರ್ ಮೆಕಾರ್ಥಿಯ ಸಮಿತಿಗೆ ಸಂಶೋಧನೆಯ ಮುಖ್ಯಸ್ಥರಾದರು. ಅಲ್ಲಿಂದ ಹೊರಬಿದ್ದು ಸಿನಿಮಾ ನಟರ ಗುಟ್ಟು ಅಚ್ಚು ಮಾಡುವ ಪತ್ರಿಕೆಯೊಂದರ ಸಂಪಾದಕರಾದರು. 1958ರ ಜನವರಿಯಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿಯೊಂದರಲ್ಲಿ ಹೆಂಡತಿಯನ್ನು ಗುಂಡಿಟ್ಟು ಕೊಂದು, ತಾವೂ ಗುಂಡಿಟ್ಟುಕೊಂಡರು.

ಪತ್ರಕರ್ತ ತನಿಖೆಗಾರನೂ ಆದಾಗ ಬದುಕು ಹೇಗೆ ತಿರುಗಬಹುದು ಅಂತ ತಿಳಿಯಲು ನಾನು ಇವರ ಕಥೆಯನ್ನೂ ಚೆಕ್‌ರೋಲಿಗೆ ಹಾಕಿ ನೋಡಿದೆ. ಅವರ ಬಗ್ಗೆ ನಾನು ಓದಿದ ಬರಹಗಳು ಜಾಸ್ತಿ ಶುರುವಾಗುವುದೇ ಆ ಟ್ಯಾಕ್ಸಿಯಿಂದ. ಹಾಗೆ ಶುರು ಮಾಡಿದರೆ 1939ರ ಪ್ರಾಮಾಣಿಕ ಜಗಳವೂ ಕೊಲೆಯ ಮುನ್ಸೂಚನೆಯ ಹಾಗೆ ಕಾಣುತ್ತದೆ. ಸತ್ತ ಆ ಹೆಂಗಸಿಗೆ ಅದರಿಂದ ನ್ಯಾಯ ಸಿಗುವುದಿಲ್ಲ. ಅವರು ಬರೀ ಕಥೆಯ ಕೊನೆಯ ಸಾಲಾಗಿ ಉಳಿಯುತ್ತಾರೆ. ಹುಟ್ಟಿನಿಂದ ಮುಂದಕ್ಕೆ ಬರೆಯಿರಿ, ಸಾವು ಬಂದಾಗ ಬರಲಿ.

ಸಹಿ ಇಲ್ಲದ್ದು, ದುಡ್ಡು, ಎದುರಾಳಿಗಳು

ಸಂಪಾದಕೀಯಕ್ಕೆ ಸಾಮಾನ್ಯವಾಗಿ ಸಹಿ ಇರುವುದಿಲ್ಲ. ನನ್ನ ಮೊದಲ ಕರಡಿನಲ್ಲಿ ಸಹಿ ಇಲ್ಲದ ಒಂದು ಲೇಖನವನ್ನು ಸ್ಪ್ರಾಟ್ ಬರೆದದ್ದು ಅಂತ ಹಾಕಿದ್ದೆ. ಅವರ ಧಾಟಿಯೇ ಅನ್ನಿಸಿತ್ತು. ಎಂಟು ತಿಂಗಳ ಮೇಲೆ ಇನ್ನೊಂದು ಸಂಚಿಕೆಯಲ್ಲಿ ಅದೇ ಲೇಖನದ ಮುಂದಿನ ಭಾಗ ಸಿಕ್ಕಿತು, ಬೇರೆಯವರ ಸಹಿಯ ಜೊತೆ. ಅವತ್ತಿನಿಂದ ಸಹಿ ಇದ್ದದ್ದು ಒಂದು ಪಟ್ಟಿ, ಇಲ್ಲದ್ದು ಇನ್ನೊಂದು. ಎರಡನೇ ಪಟ್ಟಿಯಿಂದ ತೆಗೆದುಕೊಂಡರೆ ‘ಪತ್ರಿಕೆ ಬರೆಯಿತು’ ಅಂತ ಮಾತ್ರ ಬರೆಯುತ್ತೇನೆ.

ದುಡ್ಡಿನ ಪ್ರಶ್ನೆ ಯಾರಾದರೂ ಕೇಳಿಯೇ ಕೇಳುತ್ತಾರೆ. ನೀವೇ ಮೊದಲು ಕೇಳಿಕೊಳ್ಳಿ. 1950ರಲ್ಲಿ ಬರ್ಲಿನ್‌ನಲ್ಲಿ ‘ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ’ ಅನ್ನುವ, ಕಮ್ಯುನಿಸಂ ವಿರುದ್ಧದ ಬರಹಗಾರರ ಸಂಸ್ಥೆ ಹುಟ್ಟಿತು. ಮರುವರ್ಷ ಬೊಂಬಾಯಿಯಲ್ಲಿ ಅದರ ಸಮ್ಮೇಳನ ಆಯಿತು, ಭಾರತದ ಶಾಖೆ ಆಯಿತು. ಸ್ಪ್ರಾಟ್ ಅದರ ಕಾರ್ಯಕಾರಿ ಸಮಿತಿಯಲ್ಲಿದ್ದರು. 1966, 67ರ ಹೊತ್ತಿಗೆ ಅಮೆರಿಕದ ಪತ್ರಿಕೆಗಳೇ ಆ ಅಂತಾರಾಷ್ಟ್ರೀಯ ಸಂಸ್ಥೆಗೆ ತಮ್ಮ ದೇಶದ ಗುಪ್ತಚರ ಸಂಸ್ಥೆ ಸಿಐಎಯ ಹಣ ಬರುತ್ತಿತ್ತು ಅಂತ ಬಯಲು ಮಾಡಿದವು. ಇದನ್ನು ಮುಚ್ಚಿಡಬೇಡಿ. ಹಾಗೇ ಇದನ್ನು ಕೋಲು ಮಾಡಿಕೊಳ್ಳಲೂ ಬೇಡಿ. ಸಂಸ್ಥೆಗೆ ಹಣ ಬಂತು ಅನ್ನುವುದು ಒಂದು ವಾಕ್ಯ. ಇಂಥವರಿಗೆ ಅದು ಗೊತ್ತಿತ್ತು ಅನ್ನುವುದು ಬೇರೆ ವಾಕ್ಯ. ಎರಡನೆಯದಕ್ಕೆ ಕಾಗದ ಕೈಯಲ್ಲಿಲ್ಲದಿದ್ದರೆ ಬರೆಯಬೇಡಿ. 1926ರಲ್ಲಿ ಮಾಸ್ಕೋ ಕಡೆಯಿಂದ ಬಂದ ನೆರವಿನ ವಿಷಯಕ್ಕೂ ಇದೇ ಅಳತೆ. ಒಂದು ಕಡೆಗೆ ಒಂದು ಸೇರು, ಇನ್ನೊಂದು ಕಡೆಗೆ ಇನ್ನೊಂದು ಸೇರು ಇಡುವ ಹಾಗಿಲ್ಲ.

ಎದುರಾಳಿಗಳು ಬರೆದದ್ದನ್ನು ಪೂರ್ತಿ ಓದಿ. ಅದರಲ್ಲಿ ಬೈಗುಳ ಇರುತ್ತದೆ, ಜೊತೆಗೆ ಸ್ನೇಹಿತರು ಹೇಳದ ಸಂಗತಿಯೂ ಇರುತ್ತದೆ. ಮೀರತ್ ಕಟಕಟೆಯಲ್ಲಿದ್ದವರಲ್ಲಿ ಮುಜಫರ್ ಅಹ್ಮದ್ ಕೊನೆಯವರೆಗೂ ಕಮ್ಯುನಿಸ್ಟರಾಗಿಯೇ ಇದ್ದು ನೆನಪುಗಳನ್ನು ಬರೆದರು. ಒಂದೇ ಕೋರ್ಟು ಹಾಲನ್ನು ಅವರ ಕಡೆಯಿಂದ ನೋಡಿದರೆ ಬೇರೆಯೇ ಬೆಳಕು ಬೀಳುತ್ತದೆ.

ಹಿರಿಯರ ಹತ್ತಿರ ಕೇಳುವಾಗ

ಅಭಿಪ್ರಾಯ ಕೇಳಬೇಡಿ. ವಸ್ತು ಕೇಳಿ. ‘ಆ ಕಾಲದ ಕಮ್ಯುನಿಸ್ಟರ ಬಗ್ಗೆ ಏನನ್ನಿಸುತ್ತಿತ್ತು?’ ಅಂದರೆ ಈಗಿನ ರಾಜಕೀಯ ಹೇಳುತ್ತಾರೆ. ‘ಪತ್ರಿಕೆ ಯಾವ ವಾರ ಬರುತ್ತಿತ್ತು, ಯಾರು ತರುತ್ತಿದ್ದರು, ಯಾರು ಗಟ್ಟಿಯಾಗಿ ಓದುತ್ತಿದ್ದರು?’ ಅಂತ ಕೇಳಿದರೆ ನೆನಪು ತಾನೇ ಬಿಚ್ಚಿಕೊಳ್ಳುತ್ತದೆ. ನಮ್ಮ ಪಕ್ಕದ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಗಳ ಸಾಲುಮನೆಯಲ್ಲಿ ಇದ್ದ ಅಜ್ಜಿಯೊಬ್ಬರನ್ನು ಸಂಘದ ಬಗ್ಗೆ ಕೇಳಿದೆ. ‘ನಂಗೇನ್ ಗೊತ್ತವ್ವ’ ಅಂದರು. ‘ಮಳೆಗಾಲದಲ್ಲಿ ಕೆಲಸಕ್ಕೆ ಹೋಗುವಾಗ ತಲೆಗೆ ಏನು ಹೊದ್ದುಕೊಳ್ಳುತ್ತಿದ್ದಿರಿ?’ ಅಂದೆ. ಗೊರಗದಿಂದ ಶುರು ಮಾಡಿದವರು, ಕಂಬಳಿ ಕೇಳಿ ಸಾಲಾಗಿ ಆಫೀಸಿನ ಮುಂದೆ ಕೂತ ದಿನದವರೆಗೆ ಒಂದೂವರೆ ಗಂಟೆ ಹೇಳಿದರು. ತೋಟದ ಕೂಲಿಗಳಿಗೆ ಮನೆ, ಆಸ್ಪತ್ರೆ, ಮಕ್ಕಳಿಗೆ ಶಾಲೆ ಕೊಡಬೇಕು ಅನ್ನುವ ತೋಟ ಕಾರ್ಮಿಕರ ಕಾಯಿದೆ ಬಂದದ್ದು 1951ರಲ್ಲಿ. ಅದು ಕಾಗದದಿಂದ ಲೈನಿಗೆ ಇಳಿಯಲು ಚಿಕ್ಕಪ್ಪನಂಥವರು ಎಷ್ಟು ಓಡಾಡಿದರು ಅನ್ನುವುದು ನನಗೆ ಗೊತ್ತಾದದ್ದು ಆ ಅಜ್ಜಿಯಿಂದ.

ಸ್ಪ್ರಾಟ್ ಬೆಂಗಳೂರಿನಲ್ಲಿ ಕೂತು ಬರೆದ ಎಚ್ಚರಿಕೆಯ ಮಾತುಗಳಲ್ಲಿ ಎಷ್ಟೋ ನಿಜ ಅಂತ ನಾನು ನಂಬುತ್ತೇನೆ. ಸ್ಟಾಲಿನ್ ಕಾಲದ ರಷ್ಯಾ ಬಗ್ಗೆ ಅವರು ಹೇಳಿದ್ದು ಸರಿ. ಆದರೆ ಆಲ್ದೂರಿನ ಲೈನಿನಲ್ಲಿ ಕಂಬಳಿ ಕೇಳಿದವರು ಸ್ಟಾಲಿನ್ ಆಳುಗಳಾಗಿರಲಿಲ್ಲ. ನನ್ನ ಪುಸ್ತಕದಲ್ಲಿ ಎರಡಕ್ಕೂ ಜಾಗ ಕೊಡದೆ ಇದ್ದಿದ್ದರೆ ಅಪ್ಪಯ್ಯನೂ ಒಪ್ಪುತ್ತಿರಲಿಲ್ಲ, ಚಿಕ್ಕಪ್ಪನೂ ಒಪ್ಪುತ್ತಿರಲಿಲ್ಲ.

ಬರೆಯಲು ಕೂತಾಗ

ಚೆಕ್‌ರೋಲ್ ತುಂಬಿದ ಮೇಲೆ ಬರವಣಿಗೆ ಬೇಗ ಆಗುತ್ತದೆ. ದಿನಕ್ಕೆ ಒಂದು ಪುಟ ಸಾಕು. ‘ಕ್ರಾಂತಿಕಾರಿ’, ‘ದ್ರೋಹಿ’, ‘ಏಜೆಂಟ್’ ಈ ಮೂರು ಪದ ನಾನು ಬಳಸಲಿಲ್ಲ, ಯಾರಾದರೂ ಹೇಳಿದ ಮಾತಿನೊಳಗೆ ಬಂದಾಗ ಬಿಟ್ಟು. ಮನೆಯ ಬದುಕಿಗೂ ಜಾಗ ಕೊಡಿ. ಸ್ಪ್ರಾಟ್ ಮದುವೆಯಾದದ್ದು ಮದ್ರಾಸಿನ ಹಿರಿಯ ಕಮ್ಯುನಿಸ್ಟ್ ಸಿಂಗಾರವೇಲು ಚೆಟ್ಟಿಯಾರ್ ಅವರ ಮನೆತನದ ಸೀತಾ ಅವರನ್ನು. ಪಕ್ಷ ಬಿಟ್ಟರೂ ಪಕ್ಷದ ದಾರಿಯಲ್ಲಿ ಸಿಕ್ಕ ಮನೆ ಉಳಿಯಿತು. ಇಂಗ್ಲೆಂಡಿಗೆ ವಾಪಸ್ ಹೋಗಿ ನೆಲೆಸಲಿಲ್ಲ. ಬೆಂಗಳೂರಿನ ನಂತರ ಮದ್ರಾಸಿಗೆ ಹೋಗಿ, ರಾಜಾಜಿ ಬೆಂಬಲದ ‘ಸ್ವರಾಜ್ಯ’ ವಾರಪತ್ರಿಕೆಯ ಸಂಪಾದಕರಾದರು. 1971ರ ಮಾರ್ಚ್‌ನಲ್ಲಿ ಅಲ್ಲೇ ತೀರಿಕೊಂಡರು.

ಬರೆದು ಮುಗಿದ ಮೇಲೆ ಒಂದು ಪ್ರತಿಯನ್ನು ಜಿಲ್ಲಾ ಗ್ರಂಥಾಲಯಕ್ಕೆ ಕೊಡಿ, ಫೋಟೊಗಳನ್ನು ಎರಡು ಬೇರೆ ಕಡೆ ಉಳಿಸಿ. ಫೋಟೊ ತೆಗೆಯುವಾಗ ಅಚ್ಚಾದ ಭಾಗಕ್ಕೆ ಮಾತ್ರ ಹೊಂದಿಸಿ ಅಂಚು ಕತ್ತರಿಸಬೇಡಿ. ನಾನು ಮೊದಲ ನಲವತ್ತು ಸಂಚಿಕೆಗೆ ಹಾಗೆ ಮಾಡಿ, ಆಮೇಲೆ ಎಲ್ಲವನ್ನೂ ಮತ್ತೆ ತೆಗೆದೆ. ಏಕೆಂದರೆ ಓದಿದವರು ಇರುವುದು ಅಂಚಿನಲ್ಲಿ. ನಮ್ಮ ಗಂಟಿನಲ್ಲಿ ಹೆಚ್ಚುಕಮ್ಮಿ ಪ್ರತಿ ಸಂಚಿಕೆಯಲ್ಲೂ ಚಿಕ್ಕಪ್ಪನ ಪೆನ್ಸಿಲ್ ಇದೆ. 1956ರ ನವೆಂಬರಿನಲ್ಲಿ, ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿಗೆ ನುಗ್ಗಿದ ಸುದ್ದಿಯ ಪುಟದಲ್ಲಿ, ‘ಸುಳ್ಳು’ ಅಂತ ಇಲ್ಲ. ಅಂಚು ಖಾಲಿ. ಅದರ ಕೆಳಗೆ ಅಪ್ಪಯ್ಯನ ಕೈಬರಹದಲ್ಲಿ ಚಿಕ್ಕದಾಗಿ ಒಂದೇ ಸಾಲು ಇದೆ: ‘ಭಾನುವಾರ ಊಟಕ್ಕೆ ಬಾ.’